ಹೆಸರು ತಪ್ಪಿದರೆ ಸೊನ್ನೆ: ಪಿಎಚ್‌ಪಿಯ ಒಂದು ಕೊರತೆ

ಬೇಲೂರು ತಾಲ್ಲೂಕಿನ ಬಿಕ್ಕೋಡಿನಲ್ಲಿ ನಿಮ್ಮ ವಿದ್ಯಾರ್ಥಿಗಳು ಏಪ್ರಿಲ್ ತಿಂಗಳ ಮಳೆ ಅಳೆದು, ಸರಾಸರಿಯನ್ನು ವೆಬ್ ಸರ್ವರಿನ ಪಿಎಚ್‌ಪಿ ಸ್ಕ್ರಿಪ್ಟ್‌ನಲ್ಲಿ ಲೆಕ್ಕ ಹಾಕಿದರೆನ್ನಿ. ಈ ಭಾಷೆಯಲ್ಲಿ ವೇರಿಯಬಲ್‌ಗೆ ಕನ್ನಡದ ಹೆಸರನ್ನೂ ಇಡಬಹುದು. $ಒಟ್ಟು ಎಂಬುದರಲ್ಲಿ 60 ಮಿ.ಮೀ. ಇದೆ. ಭಾಗಿಸುವ ಸಾಲಿನಲ್ಲಿ ಒತ್ತಕ್ಷರ ಬಿಟ್ಟುಹೋಗಿ $ಒಟು / 30 ಎಂದಾಗಿದೆ. ಉತ್ತರ 2 ಬರಬೇಕು, ಬರುವುದು 0. ಬೇಸಿಗೆಯ ತಿಂಗಳಾದ್ದರಿಂದ ಅದನ್ನು ಯಾರೂ ಸಂಶಯಿಸರು.

ಪಿಎಚ್‌ಪಿಯಲ್ಲಿ ವೇರಿಯಬಲ್‌ಗಳನ್ನು ಮೊದಲೇ ಘೋಷಿಸಬೇಕೆಂಬ ನಿಯಮವಿಲ್ಲ. ಬೆಲೆ ಪಡೆಯದ ಹೆಸರು ಲೆಕ್ಕದಲ್ಲಿ ಸೊನ್ನೆಯಾಗುತ್ತದೆ. ಕಲಿಯುವವರಿಗೆ ಇದು ಸುಲಭ, ನಿಜ. ಆದರೆ ತಪ್ಪು ಉತ್ತರದ ವೇಷದಲ್ಲಿ ಹೊರಬರುತ್ತದೆ. ವಿಬಿಸ್ಕ್ರಿಪ್ಟ್‌ನಲ್ಲಾದರೆ ‘ಆಪ್ಷನ್ ಎಕ್ಸ್‌ಪ್ಲಿಸಿಟ್’ ಎಂಬ ಒಂದೇ ಸಾಲು ಕೆಲಸವನ್ನು ಅಲ್ಲೇ ನಿಲ್ಲಿಸುತ್ತದೆ. ಪಿಎಚ್‌ಪಿ ಇದನ್ನು ಬಹುಕಾಲ ‘ನೋಟಿಸ್’ ಎಂದಷ್ಟೇ ತಿಳಿಸುತ್ತಿತ್ತು, 2020ರ 8.0 ಆವೃತ್ತಿಯಲ್ಲಿ ಅದು ‘ವಾರ್ನಿಂಗ್’ ಆಯಿತು. ಆದರೂ ಸ್ಕ್ರಿಪ್ಟ್ ನಿಲ್ಲುವುದಿಲ್ಲ.

ಹೀಗಿರುವಾಗ ಎಚ್ಚರಿಕೆಯನ್ನೇ ಅಡಗಿಸಲು ಕಲಿಸುವುದು ಸರಿಯಲ್ಲ. ಪ್ರಯೋಗಾಲಯದಲ್ಲಿ ಎಲ್ಲ ಎಚ್ಚರಿಕೆಗಳೂ ಪರದೆಯ ಮೇಲೆ ಕಾಣಲಿ. ಅದು ತೋರಿಸುವ ಸಾಲಿಗೆ ಹೋಗಿ ಕಾಗುಣಿತ ಹೋಲಿಸಿ. ಫಂಕ್ಷನ್‌ನ ಹೊರಗೆ ಬೆಲೆ ಕೊಟ್ಟ ವೇರಿಯಬಲ್ ತಾನಾಗಿ ಒಳಗೆ ಸಿಗದೆಂಬುದನ್ನೂ ನೆನಪಿಡಿ. ಮಳೆ ಬಾರದ ಸೊನ್ನೆಯೇ ಬೇರೆ, ಒತ್ತಕ್ಷರ ಬಿಟ್ಟ ಸೊನ್ನೆಯೇ ಬೇರೆ. ಈ ವ್ಯತ್ಯಾಸವನ್ನು ಭಾಷೆ ಕಾಯದಿದ್ದರೆ ನಾವೇ ಕಾಯಬೇಕು.