ಬಾಲಕರಿಗೆ ರಾಜಧಾನಿಗಳ ಪಾಠ: ದಿಗ್ವಿಭಾಗಕ್ರಮದ ವಿಮರ್ಶೆ

ಭಾರತದ 28 ರಾಜ್ಯಗಳ ರಾಜಧಾನಿಗಳನ್ನು ಎಳೆಯ ವಿದ್ಯಾರ್ಥಿಗಳಿಗೆ ಕಂಠಪಾಠ ಮಾಡಿಸುವಲ್ಲಿ ಎರಡು ಕ್ರಮಗಳು ಕಂಡುಬರುತ್ತವೆ: ಒಂದು ಅಕ್ಷರಾನುಕ್ರಮ, ಮತ್ತೊಂದು ಉತ್ತರ ದಕ್ಷಿಣಾದಿ ವಿಭಾಗಕ್ರಮ. ಎರಡನೆಯದೇ ಲೇಸೆಂಬುದರಲ್ಲಿ ಸಂಶಯವಿಲ್ಲ. ಅಮರಸಿಂಹನು ತನ್ನ ಕೋಶವನ್ನು ವರ್ಗವರ್ಗವಾಗಿ ಕಟ್ಟಿದುದರಿಂದಲೇ ಅದು ಇಷ್ಟು ಶತಮಾನಗಳ ಕಾಲ ಬಾಲಕರ ಕಂಠದಲ್ಲಿ ನಿಂತಿತು. ಕಂಠಪಾಠವನ್ನೇ ಹಳಿಯುವವರೊಡನೆ ನಮಗೆ ಇಲ್ಲಿ ವಾದವಿಲ್ಲ. ಕಂಠದಲ್ಲಿಲ್ಲದುದನ್ನು ಕುರಿತು ಬುದ್ಧಿಯು ವಿಚಾರಿಸುವುದಾದರೂ ಹೇಗೆ?

ಆದರೆ ಪಟ್ಟಿಗಳಲ್ಲಿ ಹೇಳುವ ದಿಕ್ಕು ಯಾರ ದಿಕ್ಕು? 1956ರ ರಾಜ್ಯ ಪುನರ್ವಿಂಗಡಣಾ ಶಾಸನದಿಂದ ಏರ್ಪಟ್ಟ ವಲಯ ಪರಿಷತ್ತುಗಳಲ್ಲಿ ಉತ್ತರಾಖಂಡವು ಈಗ ಮಧ್ಯವಲಯಕ್ಕೆ ಸೇರಿರುವುದು. ಹೆಸರಿನಲ್ಲಿಯೇ ಉತ್ತರವನ್ನು ಹೊತ್ತ ಹಿಮವತ್ಪ್ರಾಂತ! ಗೋವೆಯೂ ಮಹಾರಾಷ್ಟ್ರವೂ ಪಶ್ಚಿಮವಲಯದವು. ಆಡಳಿತದ ಅನುಕೂಲಕ್ಕೆ ಇದು ಸಲ್ಲಬಹುದು. ಕಡೂರಿನ ಬಾಲಕನಿಗೆ ಮಾತ್ರ ಪಣಜಿಯು ವಾಯವ್ಯದಲ್ಲಿರುವುದೇ ಹೊರತು ನೇರ ಪಶ್ಚಿಮದಲ್ಲಿಲ್ಲ.

ದಿಕ್ಕು ಎಂಬುದು ಸಾಪೇಕ್ಷ ಪದಾರ್ಥ. ನೋಡುವವನು ನಿಂತ ನೆಲೆಯನ್ನು ಹೇಳದೆ ದಿಕ್ಕನ್ನು ಹೇಳುವುದು ವ್ಯರ್ಥ. ಆದುದರಿಂದ ಪಾಠವು ಮನೆಯ ಅಂಗಳದಿಂದ ತೊಡಗತಕ್ಕದ್ದು. ಕಡೂರಿನಲ್ಲಿ ನಿಂತವನಿಗೆ ಅಜ್ಜಂಪುರ ಉತ್ತರಕ್ಕೆ, ತರೀಕೆರೆ ವಾಯವ್ಯಕ್ಕೆ, ಜಿಲ್ಲೆಯ ಮುಖ್ಯಸ್ಥಳವಾದ ಚಿಕ್ಕಮಗಳೂರು ನೈರೃತ್ಯಕ್ಕೆ. ಇನ್ನಷ್ಟು ದೂರ ಹೋದರೆ ದಕ್ಷಿಣಕ್ಕೆ ಹೊಯ್ಸಳರ ದೋರಸಮುದ್ರ, ಉತ್ತರಕ್ಕೆ ವಿಜಯನಗರ. ತರೀಕೆರೆಯ ಸಮೀಪದ ಅಮೃತಾಪುರದ ದೇವಾಲಯವು 1196ರಲ್ಲಿ ಇಮ್ಮಡಿ ಬಲ್ಲಾಳನ ಕಾಲದಲ್ಲಿ ನಿರ್ಮಿತವಾದುದು. ಅದನ್ನು ತೋರಿಸಿ, ಅಂದು ಈ ಸೀಮೆಯನ್ನಾಳಿದ ಊರು ಯಾವುದೆಂದು ಕೇಳಿದರೆ ರಾಜಧಾನಿಯೆಂಬ ಪದದ ಅರ್ಥವು ತಾನಾಗಿ ತಿಳಿಯುವುದು. ಅನಂತರ ಚೆನ್ನೈ ಪೂರ್ವದಲ್ಲಿ, ತಿರುವನಂತಪುರ ದಕ್ಷಿಣದಲ್ಲಿ, ಹೈದರಾಬಾದು ಅಮರಾವತಿಗಳು ಈಶಾನ್ಯದಲ್ಲಿ ಎಂದು ಹೇಳಿಕೊಡಬಹುದು. ತರೀಕೆರೆಯ ಹುಡುಗನಿಗೆ ಕಡೂರೇ ಆಗ್ನೇಯವಾಗುವುದರಿಂದ ಅವನ ಪಾಠವನ್ನು ಅಲ್ಲಿಯ ಉಪಾಧ್ಯಾಯರೇ ಹೊಂದಿಸಿಕೊಳ್ಳಬೇಕು. ಅಚ್ಚಿನ ಪಟ್ಟಿಯಿಂದ ಈ ಕಾರ್ಯವಾಗದು.

ಪಟ್ಟಿಗಳ ಎರಡನೆಯ ದೋಷವು ಇನ್ನೂ ಗುರುತರವಾದುದು. ರಾಜ್ಯಕ್ಕೂ ರಾಜಧಾನಿಗೂ ಇರುವ ಸಂಬಂಧವನ್ನು ಶಬ್ದಾರ್ಥಸಂಬಂಧದಂತೆ ನಿತ್ಯವೆಂದು ಅವು ಭಾವಿಸುತ್ತವೆ. ಅದು ಹಾಗಲ್ಲವೆಂಬುದಕ್ಕೆ ಈ ಸೀಮೆಯೇ ಸಾಕ್ಷಿ: 1947ರವರೆಗೆ ಜಿಲ್ಲೆಯ ಹೆಸರು ಕಡೂರು, ಮುಖ್ಯಸ್ಥಳ ಚಿಕ್ಕಮಗಳೂರು. ಇದನ್ನು ಅರಿತ ಹುಡುಗನಿಗೆ ಉಳಿದುದು ವಿಚಿತ್ರವೆನಿಸದು. 1972ರಲ್ಲಿ ಮೇಘಾಲಯವು ರಾಜ್ಯವಾಗಿ ಶಿಲ್ಲಾಂಗ್ ಅದರ ಪಾಲಾದುದರಿಂದ ಅಸ್ಸಾಮಿಗೆ ದಿಸ್ಪುರವು ಬೇಕಾಯಿತು. ಚಂಡೀಗಢವು ಪಂಜಾಬು ಹರಿಯಾಣಗಳೆರಡಕ್ಕೂ ರಾಜಧಾನಿಯಾಗಿದ್ದರೂ ಎರಡಕ್ಕೂ ಸೇರದ ಕೇಂದ್ರಾಡಳಿತ ಪ್ರದೇಶವಾಗಿದೆ. 2014ರಲ್ಲಿ ಆಂಧ್ರವು ವಿಭಜಿತವಾದಾಗ ಉಭಯರಾಜ್ಯಗಳಿಗೂ ಸಾಧಾರಣವಾಗಿದ್ದ ಹೈದರಾಬಾದು, ಹತ್ತು ವರ್ಷಗಳ ಅವಧಿಯು ಮುಗಿದ 2024ರ ಜೂನ್ ತಿಂಗಳಿಂದ ತೆಲಂಗಾಣಕ್ಕೆ ಮಾತ್ರ ಸಂದಿದೆ. ಹಳೆಯ ಪಟ್ಟಿಯನ್ನೇ ಮತ್ತೆ ಮತ್ತೆ ಅಚ್ಚುಹಾಕುವವರು ಇದನ್ನು ಗಮನಿಸಬೇಕು. ಇಂತಹ ನಾಲ್ಕು ಕಾರಣಗಳನ್ನು ಹೇಳಿಕೊಟ್ಟರೆ ನಲವತ್ತು ಸಲ ಒಪ್ಪಿಸುವ ಶ್ರಮವು ತಪ್ಪುವುದು.

ನಾಗಪುರದಲ್ಲಿ ಮಹಾರಾಷ್ಟ್ರದ ಚಳಿಗಾಲದ ಅಧಿವೇಶನ, ಬೆಳಗಾವಿಯಲ್ಲಿ ನಮ್ಮ ವಿಧಾನಮಂಡಲದ ಅಧಿವೇಶನ ಮೊದಲಾದ ಸೂಕ್ಷ್ಮಗಳನ್ನು ಮೇಲಿನ ತರಗತಿಗಳಿಗೆ ಬಿಡಬಹುದು.