ನಕಲೆಂದವರು, ನೆನಪೆಂದವರು

ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ ಹುಟ್ಟಿದ ‘ಫಿಟ್ಸ್ ಅಂಡ್ ದ ಟ್ಯಾಂಟ್ರಮ್ಸ್’ ಎಂಬ ವಾದ್ಯಮೇಳದ ಮೊದಲ ಪೂರ್ಣಪ್ರಮಾಣದ ಧ್ವನಿಮುದ್ರಿಕೆ ‘ಪಿಕಿನ್ ಅಪ್ ದ ಪೀಸಸ್’ 2010ರ ಆಗಸ್ಟಿನಲ್ಲಿ ಹೊರಬಂದಿತು. ಹೊರತಂದದ್ದು ಡೇಂಜರ್‌ಬರ್ಡ್ ಎಂಬ ಅದೇ ಊರಿನ ಒಂದು ಸಣ್ಣ ಸ್ವತಂತ್ರ ಕಂಪನಿ. ಮುಕ್ಕಾಲು ಗಂಟೆಯೂ ಹಿಡಿಯದ ಈ ಮುದ್ರಿಕೆಯ ಬಗ್ಗೆ ಇಷ್ಟು ವರ್ಷಗಳ ಮೇಲೆ ಬರೆಯುವುದಕ್ಕೆ ಅದರ ಹಾಡುಗಳಷ್ಟೇ ಅದನ್ನು ಕೇಳಿದವರ ಮಾತುಗಳೂ ಕಾರಣ. ಒಂದೇ ಹಾಡನ್ನು ಕೇಳಿ ಕೆಲವರು ತಮ್ಮ ಹರೆಯ ಮರಳಿ ಬಂತೆಂದು ಹಿಗ್ಗಿದರು, ಕೆಲವರು ಶುದ್ಧ ನಕಲೆಂದು ಮೂಗು ಮುರಿದರು. ಇಬ್ಬರೂ ಒಂದು ಮುಖ್ಯ ವಿಷಯವನ್ನು ಕೇಳಿಸಿಕೊಳ್ಳಲಿಲ್ಲವೆಂಬುದು ನನ್ನ ಅಭಿಪ್ರಾಯ. ಪಾಶ್ಚಾತ್ಯ ಹಾಡೆಂದರೆ ಗದ್ದಲವೆಂದು ಪುಟ ತಿರುಗಿಸಹೊರಟ ವಾಚಕರು ದಯವಿಟ್ಟು ಸ್ವಲ್ಪ ತಾಳಬೇಕು.

‘ಸೋಲ್’ ಎಂಬ ಸಂಗೀತ ಅಮೆರಿಕದ ಕರಿಯ ಜನರ ಚರ್ಚುಗಳ ಭಜನೆಯಿಂದಲೂ ಅವರ ಬೀದಿಯ ಹಾಡುಗಳಿಂದಲೂ ಕೂಡಿ ಬೆಳೆದದ್ದು. ರೇ ಚಾರ್ಲ್ಸ್ 1954ರಲ್ಲಿ ಒಂದು ದೇವರ ಹಾಡಿನ ಧಾಟಿಯನ್ನು ತೆಗೆದುಕೊಂಡು ಅದಕ್ಕೆ ಹೆಣ್ಣಿನ ಮೇಲಿನ ಪ್ರೀತಿಯ ಮಾತು ಹೊಂದಿಸಿ ಹಾಡಿದಾಗ, ದೇವರ ಸೊತ್ತನ್ನು ಕದ್ದನೆಂದು ಭಕ್ತಾದಿಗಳು ಬೈದರು. ಎಂದರೆ ಈ ಸಂಗೀತದ ಮೇಲೆ ಕಳವಿನ ಆರೋಪ ಅದು ಹುಟ್ಟಿದ ದಿನದಿಂದಲೇ ಇದೆ! ಅನಂತರ 1959ರಲ್ಲಿ ಬೆರಿ ಗೋರ್ಡಿ ಎಂಬಾತ ಮನೆಯವರಿಂದ 800 ಡಾಲರ್ ಸಾಲ ಪಡೆದು ಡೆಟ್ರಾಯಿಟ್ ನಗರದಲ್ಲಿ ಆರಂಭಿಸಿದ ಕಂಪನಿ ಮೋಟೌನ್ ಎಂದು ಹೆಸರಾಗಿ, ಈ ಸಂಗೀತಕ್ಕೆ ಇಸ್ತ್ರಿ ಮಾಡಿದ ಅಂಗಿ ತೊಡಿಸಿ ಬಿಳಿಯರ ಮನೆಗಳೊಳಕ್ಕೂ ಕಳುಹಿಸಿತು. ಸೋಲ್-ಪಾಪ್ ಎಂದು ಕರೆಯುವುದು ಇದನ್ನೇ. ಹಳೆಯದನ್ನು ಹೋಲುವಂತೆ ಇಂದು ಮಾಡಿದ ಹಾಡುಗಳಿಗೆ ‘ರೆಟ್ರೊ’ ಎಂಬ ವಿಶೇಷಣ ಸೇರುತ್ತದೆ. ಆ ವಿಶೇಷಣದಲ್ಲಿ ಹೊಗಳಿಕೆ ಎಷ್ಟು, ತಿವಿತ ಎಷ್ಟು ಎಂಬುದು ಹೇಳುವವರ ಮೇಲೆ ಹೋಗುತ್ತದೆ.

ನಮ್ಮ ಮೇಳದ ಕಥೆ ಸ್ವಾರಸ್ಯವಾಗಿದೆ. ಮೈಕೆಲ್ ಫಿಟ್ಸ್‌ಪ್ಯಾಟ್ರಿಕ್ ಎಂಬ ಬಿಳಿಯ ಗಾಯಕ ಬಹುಕಾಲ ಬೇರೆಯವರ ಹಾಡುಗಳ ಧ್ವನಿಮುದ್ರಣದಲ್ಲಿ ಕೆಲಸ ಮಾಡಿದ್ದವನು. ವಯಸ್ಸು ನಲವತ್ತರ ಹತ್ತಿರ. 2008ರಲ್ಲಿ, ತನ್ನನ್ನು ಬಿಟ್ಟುಹೋದ ಗೆಳತಿಯ ನೆರೆಯವರು ಹಳೆಯದೊಂದು ಆರ್ಗನ್ ಮಾರುತ್ತಿದ್ದಾರೆಂದು ತಿಳಿದು 50 ಡಾಲರಿಗೆ ಕೊಂಡು ತಂದ. ಅಂದು ರಾತ್ರಿಯೇ ಅದರ ಮೇಲೆ ‘ಬ್ರೇಕಿನ್ ದ ಚೇನ್ಸ್ ಆಫ್ ಲವ್’ ಎಂಬ ಹಾಡು ಹುಟ್ಟಿತು. ಕಾಲೇಜಿನ ಗೆಳೆಯ ಜೇಮ್ಸ್ ಕಿಂಗ್ ಸ್ಯಾಕ್ಸೊಫೋನಿಗೆ ಬಂದ (ಕದ್ರಿ ಗೋಪಾಲನಾಥರ ದೆಸೆಯಿಂದ ಈ ವಾದ್ಯದ ಪರಿಚಯ ನಮ್ಮವರಿಗೆ ಬೇಕಿಲ್ಲ). ನೋಯೆಲ್ ಸ್ಕ್ಯಾಗ್ಸ್ ಎಂಬ ಕರಿಯ ಗಾಯಕಿ ಜೊತೆಗೂಡಿದಳು. ಮುದ್ರಣವೆಲ್ಲ ಹೆಚ್ಚಾಗಿ ಫಿಟ್ಸ್‌ಪ್ಯಾಟ್ರಿಕ್‌ನ ಮನೆಯ ಕೋಣೆಯಲ್ಲೇ ನಡೆಯಿತು. ಮೊದಲು ಹೊರಬಂದ ಕಿರುಮುದ್ರಿಕೆಗೆ ‘ಅಗಲಿಕೆಯ ಹಾಡುಗಳು, ಸಂಪುಟ 1’ ಎಂಬ ಅರ್ಥದ ಹೆಸರು. ಸಂಪುಟದ ಸಂಖ್ಯೆ ಹಾಕಿದ್ದು ನೋಡಿದರೆ ಮುಂದೆ ಇನ್ನಷ್ಟು ಅಗಲಿಕೆಗಳನ್ನು ಎದುರುನೋಡಿದ್ದನೋ ಏನೋ!

ದೊಡ್ಡ ಮುದ್ರಿಕೆ ಬಂದಾಗ ಹಿರಿಯ ಶ್ರೋತೃಗಳು ಮೊದಲು ಒಲಿದರು. ಬಿಲ್‌ಬೋರ್ಡ್ ಪತ್ರಿಕೆಯ ಹೊಸಬರ ಪಟ್ಟಿಯಲ್ಲಿ ಅದು ಮೊದಲ ಸ್ಥಾನಕ್ಕೂ ಏರಿತು. ವಿಮರ್ಶಕರು ಎರಡು ಹೆಸರುಗಳನ್ನು ಮತ್ತೆ ಮತ್ತೆ ಎತ್ತಿದರು: ಒಂದು ಮೋಟೌನ್, ಇನ್ನೊಂದು 1970ರ ದಶಕದಲ್ಲಿ ಕರಿಯರ ಧಾಟಿಯಲ್ಲಿ ಹಾಡಿ ಹೆಸರಾದ ಫಿಲಡೆಲ್ಫಿಯದ ಬಿಳಿಯ ಜೋಡಿ ಹಾಲ್ ಮತ್ತು ಓಟ್ಸ್. ಹೋಲಿಕೆ ಹುಸಿಯಲ್ಲ, ಡ್ಯಾರಿಲ್ ಹಾಲ್ ತನ್ನ ಮನೆಯಲ್ಲಿ ನಡೆಸುತ್ತಿದ್ದ ಸಂಗೀತ ಕಾರ್ಯಕ್ರಮಕ್ಕೆ ಈ ಮೇಳವನ್ನು ಕರೆಸಿ ಜೊತೆಗೆ ಹಾಡಿದ್ದುಂಟು. ಆದರೆ ಅದೇ ಹೋಲಿಕೆಯನ್ನು ಒಬ್ಬರು ಬಿರುದಾಗಿ ಕೊಟ್ಟರೆ ಇನ್ನೊಬ್ಬರು ಆಪಾದನೆಯಾಗಿ ಹೊರಿಸಿದರು. ಕರಿಯರು ಬೆವರು ಸುರಿಸಿ ಕಟ್ಟಿದ ಮನೆಯಲ್ಲಿ ಬಿಳಿಯನೊಬ್ಬ ಬಾಡಿಗೆಯಿಲ್ಲದೆ ವಾಸವಾಗಿದ್ದಾನೆಂಬುದು ಆಪಾದನೆಯ ತಿರುಳು. ಹದಿನೆಂಟು ಇಪ್ಪತ್ತರ ಕಿರಿಯರಿಗೆ ಮಾತ್ರ ಈ ಲೆಕ್ಕ ಯಾವುದೂ ಇರಲಿಲ್ಲ. ಅವರಿಗೆ ಅದು ಕಾಲು ಕುಣಿಸುವ ಹೊಸ ಹಾಡು.

ಆಪಾದನೆಯನ್ನು ಪರೀಕ್ಷೆಗೆ ಒಡ್ಡೋಣ. ಲೋಕಲ್ ಗಾಡಿಯಲ್ಲಿ ಕಚೇರಿಗೆ ಹೋಗಿಬರುವಾಗ ಮೋಟೌನಿನ ಹಳೆಯ ಹಾಡುಗಳನ್ನೂ ಈ ಮುದ್ರಿಕೆಯನ್ನೂ ಒಂದಾದ ಮೇಲೊಂದು ಕೇಳಿದ್ದೇನೆ. ಮೊದಲು ಕಿವಿಗೆ ತಟ್ಟುವುದು ಒಂದು ಕೊರತೆ: ಈ ಮೇಳದಲ್ಲಿ ಗಿಟಾರ್ ಇಲ್ಲ. ಆರ್ಗನ್ ಮತ್ತು ಪಿಯಾನೊ, ಬೇಸ್, ಡ್ರಮ್, ಸ್ಯಾಕ್ಸೊಫೋನ್, ಎರಡು ಕೊರಳು, ಅಷ್ಟೆ. ಗಿಟಾರ್ ಬೇಡವೆಂದು ಫಿಟ್ಸ್‌ಪ್ಯಾಟ್ರಿಕ್ ಮೊದಲೇ ನಿರ್ಧರಿಸಿದ್ದನಂತೆ. ಮೋಟೌನಿನ ವಾದ್ಯಗಾರರಲ್ಲಾದರೋ ಗಿಟಾರಿನವರೇ ಮೂವರು: ರಾಬರ್ಟ್ ವೈಟ್, ಎಡ್ಡಿ ವಿಲ್ಲಿಸ್, ಜೋ ಮೆಸಿನಾ. ನಾಲ್ಕು ಎಣಿಕೆಯ ತಾಳದಲ್ಲಿ ಎರಡನೆಯ ಮತ್ತು ನಾಲ್ಕನೆಯ ಎಣಿಕೆಗೆ ‘ಚಕ್’ ಎಂದು ಬೀಳುವ ಗಿಟಾರಿನ ಪೆಟ್ಟು ಮೋಟೌನಿನ ಗುರುತಿನ ಚೀಟಿ. ನಕಲು ಮಾಡಹೊರಟವನು ಗುರುತಿನ ಚೀಟಿಯನ್ನೇ ಬಿಟ್ಟು ಬರುತ್ತಾನೆಯೇ? ಗಿಟಾರ್ ಖಾಲಿ ಬಿಟ್ಟ ಜಾಗವನ್ನು ಆರ್ಗನ್ ತುಂಬಬೇಕಾಗಿ ಬಂದದ್ದರಿಂದಲೇ ‘ಮನಿಗ್ರ್ಯಾಬರ್’ ಮುಂತಾದ ಹಾಡುಗಳಿಗೆ ಒಂದು ಗಡುಸು ಬಂದಿದೆ. ಅದು ಡೆಟ್ರಾಯಿಟಿನ ನಯವಲ್ಲ. ಇನ್ನು ಬಣ್ಣದ ಮಾತು. ಮೇಲೆ ಹೇಳಿದ ಮೂವರಲ್ಲಿ ಜೋ ಮೆಸಿನಾ ಬಿಳಿಯ. ಆ ಕರಿಯರ ಮನೆಯ ಒಂದು ಗೋಡೆಗೆ ಇಟ್ಟಿಗೆ ಕೊಟ್ಟವನು ಅವನೂ ಹೌದು.

ಹಿಗ್ಗಿದವರ ಮಾತನ್ನೂ ಪರೀಕ್ಷಿಸಬೇಕಲ್ಲ. ಅವರಿಗೆ ‘ಹಳೆಯ ಕಾಲ’ವಾಗಿ ಕೇಳಿಸಿದ್ದಾದರೂ ಏನು? ಇಲ್ಲಿ ಕಲಿತ ಭೌತಶಾಸ್ತ್ರ ಸ್ವಲ್ಪ ನೆರವಿಗೆ ಬರುತ್ತದೆ. ಮೋಟೌನಿನ ಮನೆಯಲ್ಲಿ ಹಾಡಿನ ಧ್ವನಿಯನ್ನು ಅಟ್ಟದ ಕೋಣೆಯಲ್ಲಿಟ್ಟ ಒಂದು ಸ್ಪೀಕರಿಗೆ ಕಳುಹಿಸಿ, ಅಲ್ಲಿ ಗೋಡೆಗಳಿಗೆ ತಾಗಿ ಮರುದನಿಸಿದ್ದನ್ನು ಮೈಕಿನಿಂದ ಹಿಡಿದು ಮೂಲದೊಂದಿಗೆ ಬೆರೆಸುತ್ತಿದ್ದರು. ಗಾಳಿಯಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಹತ್ತು ಮೀಟರ್ ಸುತ್ತಿ ಬಂದ ದನಿ ಸೆಕೆಂಡಿನ ನೂರರಲ್ಲಿ ಮೂರು ಪಾಲು ತಡವಾಗಿ ಕಿವಿ ಮುಟ್ಟುತ್ತದೆ. ಅಂಥ ಸಾವಿರಾರು ತಡವಾದ ದನಿಗಳ ಕೂಟವೇ ಆ ಹಾಡುಗಳ ಸುತ್ತ ಕೇಳಿಸುವ ಆವರಣ. ನಾವು ಗತಕಾಲವೆಂದು ಕಣ್ಣು ಮುಚ್ಚಿ ತಲೆದೂಗುವುದು ಎಷ್ಟೋ ವೇಳೆ ಒಂದು ಅಟ್ಟದ ಅಳತೆಗೆ! ಇದರಲ್ಲಿ ತಪ್ಪೇನಿಲ್ಲ. ಕೋಣೆಯ ಗುಣವನ್ನು ಕಾಲದ ಗುಣವೆಂದುಕೊಂಡಾಗ ಮಾತ್ರ ತೊಡಕು.

ಆ ಕಾಲ ಎಂಥದು? ಅದೇ ಡೆಟ್ರಾಯಿಟಿನಲ್ಲಿ 1967ರ ಜುಲೈ ತಿಂಗಳಲ್ಲಿ ನಡೆದ ಗಲಭೆಯಲ್ಲಿ 43 ಮಂದಿ ಸತ್ತರು. ಸೇನೆಯ ಟ್ಯಾಂಕುಗಳು ಬೀದಿಗೆ ಇಳಿದವು. ಅದೇ ವರ್ಷ ಮೋಟೌನಿನ ಸಿಹಿಯಾದ ಪ್ರೇಮಗೀತೆಗಳು ರೇಡಿಯೋದಲ್ಲಿ ತೇಲಿಬರುತ್ತಿದ್ದವು. ಆ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ಮೊದಲಾದವರ ಹೆಸರು 1971ರವರೆಗೆ ಮುದ್ರಿಕೆಗಳ ಹೊದಿಕೆಯ ಮೇಲೆ ಬರಲೇ ಇಲ್ಲ. ಮಾರ್ವಿನ್ ಗೇ ಆ ವರ್ಷದ ತನ್ನ ಮುದ್ರಿಕೆಯಲ್ಲಿ ಅವರ ಹೆಸರು ಅಚ್ಚು ಹಾಕಿಸಿದ. (ಕಡತಕ್ಕೆ ಟಿಪ್ಪಣಿ ಬರೆದವನ ಹೆಸರು ಆದೇಶದಲ್ಲಿ ಬರುವುದಿಲ್ಲವೆಂಬುದು ಗುಮಾಸ್ತರಿಗೆ ತಿಳಿದ ವಿಷಯ, ಆದರೂ ತಿಂಗಳ ಕೊನೆಗೆ ನಮ್ಮ ಹೆಸರು ಸಂಬಳದ ಪಟ್ಟಿಯಲ್ಲಾದರೂ ಇರುತ್ತದೆ.) 1983ರಲ್ಲಿ ಮೋಟೌನಿನ ಇಪ್ಪತ್ತೈದನೆಯ ವರ್ಷದ ಸಂಭ್ರಮ ನಡೆದಾಗ ಜೇಮರ್ಸನ್ ಟಿಕೆಟ್ ಕೊಂಡು ಪ್ರೇಕ್ಷಕರ ನಡುವೆ ಕುಳಿತಿದ್ದ. ಅದೇ ವರ್ಷ ಆಗಸ್ಟಿನಲ್ಲಿ ತೀರಿಕೊಂಡ. ‘ಆ ಕಾಲ ಮರಳಿ ಬಂತು’ ಎನ್ನುವಾಗ ಇದೂ ಮರಳಬೇಕಷ್ಟೆ. ರೆಟ್ರೊ ಮುದ್ರಿಕೆಗಳನ್ನು ಮೆಚ್ಚುವವರು ಅಂಗಿಯ ಇಸ್ತ್ರಿಯನ್ನು ನೆನೆಯುತ್ತಾರೆ, ಒಳಗಿನ ಮೈಯನ್ನು ಮರೆಯುತ್ತಾರೆ.

ಇನ್ನೊಂದು ಮೇಳದ ಪ್ರಸಂಗ ಇಲ್ಲಿ ಹೇಳದಿದ್ದರೆ ಆಗದು. ನ್ಯೂಯಾರ್ಕಿನ ಶಾರನ್ ಜೋನ್ಸ್ ಸೆರೆಮನೆಯಲ್ಲಿ ಕಾವಲುಗಾರ್ತಿಯಾಗಿ, ಬ್ಯಾಂಕಿನ ಹಣ ಸಾಗಿಸುವ ಗಾಡಿಗೆ ಪಹರೆಯವಳಾಗಿ ದುಡಿದವಳು. ಡ್ಯಾಪ್-ಕಿಂಗ್ಸ್ ಎಂಬ ಮೇಳದೊಂದಿಗೆ ಆಕೆಯ ಮೊದಲ ಪೂರ್ಣ ಮುದ್ರಿಕೆ 2002ರಲ್ಲಿ ಬಂದಾಗ ನಲವತ್ತೈದು ದಾಟಿತ್ತು. ಅದಕ್ಕೂ ಹಿಂದೆ ಆ ಬಳಗದವರು 1998ರಲ್ಲಿ ನ್ಯೂಯಾರ್ಕಿನಲ್ಲೇ ನುಡಿಸಿ ತಯಾರಿಸಿದ ಒಂದು ಮುದ್ರಿಕೆಯನ್ನು 1970ರ ದಶಕದ ನೈಜೀರಿಯಾದ ಮೇಳವೊಂದರದ್ದೆಂಬಂತೆ ಹೊದಿಕೆ ಹಾಕಿ ಮಾರಿದ್ದರು. ಹಳೆಯದೆಂದು ನಂಬಿ ಕೊಂಡವರಿದ್ದರು! ಹಾಡು ಅದೇ, ಕಿವಿ ಅದೇ. ಬದಲಾದದ್ದು ಚೀಟಿ ಮಾತ್ರ. ಜೋನ್ಸಳ ವಿಷಯದಲ್ಲಿ ಇದರ ಇನ್ನೊಂದು ಮಗ್ಗುಲು ಕಾಣುತ್ತದೆ. ಆಕೆಯ ಕಷ್ಟದ ಕಥೆಯನ್ನು ಎಲ್ಲರೂ ಬರೆದರು, ಹಾಡಿನ ಕಟ್ಟಿನ ಬಗ್ಗೆ ಬರೆದವರು ಕಡಿಮೆ. ರೆಟ್ರೊ ಎಂಬ ಮಾತನ್ನು ಆಕೆ ಒಪ್ಪುತ್ತಲೇ ಇರಲಿಲ್ಲ. ತಾನು ಹಾಡುತ್ತಿರುವುದು ಇಂದಿನ ಹಾಡು ಎಂದು 2016ರಲ್ಲಿ ತೀರಿಕೊಳ್ಳುವವರೆಗೂ ಸಾಧಿಸಿದಳು. ಕಷ್ಟಪಟ್ಟವರು ಹಾಡಿದರೆ ಅಸಲು, ಮನೆಯ ಕೋಣೆಯಲ್ಲಿ ಕುಳಿತವನು ಹಾಡಿದರೆ ನಕಲು ಎಂಬ ತೂಕದ ಕಲ್ಲು ಇಬ್ಬರಿಗೂ ಅನ್ಯಾಯವನ್ನೇ ಮಾಡಿತು.

ನಮ್ಮ ಸಂಘಗಳ ಸಭಾಂಗಣಗಳಲ್ಲಿ ಹಳೆಯ ಚಿತ್ರಗೀತೆಗಳ ಸಂಜೆಗಳು ನಡೆದಾಗ ತಲೆದೂಗುವಿಕೆ ನೇರ ಎದುರು ದಿಕ್ಕಿನದು. ಅಲ್ಲಿ ಮೂಲದ ಪಿಟೀಲಿನ ತುಣುಕು ಒಂದಿಷ್ಟೂ ಬದಲಾಗದೆ ಬಂದರೆ ಚಪ್ಪಾಳೆ; ಹಾಡುಗಾರ ತನ್ನದೊಂದು ಸಂಗತಿ ಸೇರಿಸಿದರೆ ಮುಂದಿನ ಸಾಲಿನವರ ಹುಬ್ಬು ಗಂಟಾಗುತ್ತದೆ. ಅಮೆರಿಕದವರು ಹೊಸ ಹಾಡಿನಲ್ಲಿ ಹಳೆಯ ಧಾಟಿ ಕಂಡು ಸಿಟ್ಟಾದರೆ ನಾವು ಹಳೆಯ ಹಾಡಿನಲ್ಲಿ ಹೊಸ ಧಾಟಿ ಕಂಡು ಸಿಟ್ಟಾಗುತ್ತೇವೆ. ಅದಿರಲಿ.

ಹಾಗಾದರೆ ಮುದ್ರಿಕೆ ನಿರ್ದೋಷವೇ? ಅಲ್ಲ. ಆದರೆ ನಕಲೆಂದವರು ತೋರಿಸಬೇಕಾಗಿದ್ದ ದೋಷ ಬೇರೆಯದು. ‘ಮನಿಗ್ರ್ಯಾಬರ್’ ಹಾಡನ್ನೇ ತೆಗೆದುಕೊಳ್ಳಿ. ಹಣದಾಸೆಯ ಹೆಣ್ಣೊಬ್ಬಳನ್ನು ಗಂಡು ಹಂಗಿಸುವ ಹಾಡು ಇದು. ಧಾಟಿ ಒಮ್ಮೆ ಕೇಳಿದರೆ ಇಡೀ ದಿನ ಬಿಡುವುದಿಲ್ಲ. ಡ್ರಮ್ಮೂ ಬೇಸೂ ಕೂಡಿ ದೂಡುವ ಓಟ ಅಚ್ಚುಕಟ್ಟು. ಆದರೆ ಪಕ್ಕದಲ್ಲೇ ನಿಂತ ನೋಯೆಲ್ ಸ್ಕ್ಯಾಗ್ಸ್ ಪಲ್ಲವಿಗೆ ದನಿಗೂಡಿಸುವುದೆಲ್ಲ ಗಂಡಿನ ದೂರಿಗೇ. ಹೆಣ್ಣಿನ ಕೊರಳು ಹೆಣ್ಣಿನ ಮೇಲಿನ ಆರೋಪಕ್ಕೆ ಸಾಕ್ಷಿಯಾಗಿ ನಿಂತಂತಾಯಿತು. ಮೋಟೌನಿನಲ್ಲಿ ಮಾರ್ವಿನ್ ಗೇ ಮತ್ತು ಟ್ಯಾಮಿ ಟೆರೆಲ್ 1967ರಲ್ಲಿ ಹಾಡಿದ ‘ಏಂಟ್ ನೋ ಮೌಂಟನ್ ಹೈ ಎನಫ್’ ಕೇಳಿದವರಿಗೆ ವ್ಯತ್ಯಾಸ ತಟ್ಟನೆ ತಿಳಿಯುತ್ತದೆ. ಅಲ್ಲಿ ಒಂದು ಸಾಲು ಅವನದು, ಮರುಸಾಲು ಅವಳದು. ಇಬ್ಬರೂ ಕೊಟ್ಟು ತೆಗೆದುಕೊಳ್ಳುತ್ತಾರೆ. ಚರ್ಚಿನಲ್ಲಿ ಉಪದೇಶಕ ಕರೆದರೆ ಜನ ಓಗೊಡುವ ಪದ್ಧತಿಯಿಂದ ಬಂದ ನಡೆ ಅದು; ಈ ಸಂಗೀತದ ಬೆನ್ನೆಲುಬು. ಫಿಟ್ಸ್‌ಪ್ಯಾಟ್ರಿಕ್ ಕರೆಯನ್ನು ಚೆನ್ನಾಗಿ ಕಲಿತ, ಓಗೊಡುವವಳಿಗೆ ಅವಳದೇ ಮಾತು ಕೊಡುವುದನ್ನು ಸಾಕಷ್ಟು ಕಲಿಯಲಿಲ್ಲ. ಹಳೆಯದನ್ನು ಅತಿಯಾಗಿ ಅನುಕರಿಸಿದ್ದು ಈ ಮುದ್ರಿಕೆಯ ದೋಷವಲ್ಲ, ಅನುಕರಿಸಲೇಬೇಕಾದ ಒಂದನ್ನು ಬಿಟ್ಟದ್ದು ದೋಷ. ಎತ್ತರದ, ಚೂಪಾದ, ನಗು ತುಂಬಿದ ಕೊರಳಿನ ಗಾಯಕಿಯನ್ನು ಪಕ್ಕದಲ್ಲಿಟ್ಟುಕೊಂಡು ಹೀಗೆ ಮಾಡಿದ್ದು ಜಿಪುಣತನವೆಂದೇ ಹೇಳಬೇಕು. ಆಕೆ 2020ರಲ್ಲಿ ಸಂಗೀತ ಕಛೇರಿಗಳ ಉದ್ಯಮದಲ್ಲಿ ಕರಿಯರಿಗೂ ಹೆಂಗಸರಿಗೂ ಕೆಲಸದ ಬಾಗಿಲು ತೆರೆಯಬೇಕೆಂದು ‘ಡೈವರ್ಸಿಫೈ ದ ಸ್ಟೇಜ್’ ಎಂಬ ಪ್ರಯತ್ನವನ್ನು ಆರಂಭಿಸಿದಳು.

ಇದಕ್ಕೆ ವಿರುದ್ಧವಾಗಿ ಮೊದಲ ರಾತ್ರಿ ಹುಟ್ಟಿದ ‘ಬ್ರೇಕಿನ್ ದ ಚೇನ್ಸ್ ಆಫ್ ಲವ್’ ಹಾಡಿನಲ್ಲಿ ಯಾರ ಮೇಲೂ ದೂರಿಲ್ಲ. ಕಟ್ಟು ಬಿಚ್ಚಿಕೊಳ್ಳಲು ಹೆಣಗುವವನ ಒದ್ದಾಟವಿದೆ. ಅಗ್ಗದ ಆರ್ಗನಿನ ಒರಟು ದನಿ ಅದಕ್ಕೆ ಹೊಂದಿಕೊಂಡಿದೆ. ಇದನ್ನು ನಕಲೆಂದು ಕರೆಯುವವರಲ್ಲಿ ಯಾರ ಒದ್ದಾಟದ ನಕಲು ಎಂದು ಕೇಳಬೇಕಾಗುತ್ತದೆ. ‘ಡಿಯರ್ ಮಿಸ್ಟರ್ ಪ್ರೆಸಿಡೆಂಟ್’ ಎಂಬ ಹಾಡು ಜನರ ಬವಣೆಯನ್ನು ರಾಷ್ಟ್ರಾಧ್ಯಕ್ಷರಿಗೆ ಹೇಳಿಕೊಳ್ಳುವ ಅರ್ಜಿ. ಉದ್ದೇಶ ಒಳ್ಳೆಯದು, ಹಾಡು ಸಾಧಾರಣ. ಅರ್ಜಿಗಳನ್ನು ಓದಿ ಓದಿ ಅಭ್ಯಾಸವಾದ ನನ್ನಂಥವನ ಮನಸ್ಸು ಕರಗಬೇಕಾದರೆ ಅದರಲ್ಲಿ ಒಬ್ಬ ಮನುಷ್ಯನ ವಿಳಾಸವಾದರೂ ಇರಬೇಕಾಗಿತ್ತು.

ಮುಂದೆ ನಡೆದದ್ದು ಶ್ರೋತೃಗಳ ವಿಷಯದಲ್ಲಿ ಇನ್ನೂ ತಮಾಷೆಯದು. 2013ರಲ್ಲಿ ಎಲೆಕ್ಟ್ರಾ ಎಂಬ ದೊಡ್ಡ ಕಂಪನಿಯಿಂದ ಬಂದ ಎರಡನೆಯ ಮುದ್ರಿಕೆಯಲ್ಲಿ ಮೇಳ 1960ರ ದಶಕವನ್ನು ಬಿಟ್ಟು 1980ರ ದಶಕದ ವಿದ್ಯುತ್ ಕೀಲಿಮಣೆಗಳ ಕಡೆಗೆ ಹೊರಳಿತು. 2016ರ ‘ಹ್ಯಾಂಡ್‌ಕ್ಲಾಪ್’ ಹಾಡಂತೂ ಕ್ರೀಡಾಂಗಣಗಳಿಗೆ ಹೇಳಿ ಮಾಡಿಸಿದಂತಿದ್ದು, 2020ರಲ್ಲಿ ಏಷ್ಯಾದ ಎಷ್ಟೋ ಮನೆಗಳಲ್ಲಿ ವ್ಯಾಯಾಮದ ಹಾಡಾಯಿತು. ಸೋಲಿನ ಸುಳಿವು ಅದರಲ್ಲಿ ಹುಡುಕಿದರೂ ಸಿಗದು. ಆಗ ಮೇಳ ತನ್ನತನ ಬಿಟ್ಟುಕೊಟ್ಟಿತೆಂಬ ದೂರು ಎದ್ದಿತು. 2010ರಲ್ಲಿ ಪರರದೆಂದು ಎಣಿಸಿದ್ದ ಧಾಟಿ ಮೂರೇ ವರ್ಷಗಳಲ್ಲಿ ಅವರ ಸ್ವಂತದ್ದಾಗಿಬಿಟ್ಟಿತ್ತು!

ಕೇಳಬೇಕೆನಿಸಿದವರು ಮುದ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಕೇಳಲೇಬೇಕೆಂದಿಲ್ಲ. ಗೇ ಮತ್ತು ಟೆರೆಲ್ ಅವರ ಹಾಡನ್ನು ಮೊದಲು ಹಾಕಿ, ಬೇಸಿನ ನಡೆಯನ್ನು ಗಮನವಿಟ್ಟು ಕೇಳಿ. ಆಮೇಲೆ ‘ಬ್ರೇಕಿನ್ ದ ಚೇನ್ಸ್ ಆಫ್ ಲವ್’, ಕೊನೆಗೆ ‘ಮನಿಗ್ರ್ಯಾಬರ್’. ಒಟ್ಟು ಹತ್ತು ನಿಮಿಷದ ಕೆಲಸ. ಮೂರನೆಯ ಹಾಡಿನಲ್ಲಿ ಫಿಟ್ಸ್‌ಪ್ಯಾಟ್ರಿಕ್‌ನನ್ನು ಬಿಟ್ಟು ಸ್ಕ್ಯಾಗ್ಸಳ ಕೊರಳನ್ನೇ ಹಿಂಬಾಲಿಸಿ ನೋಡಿ.