ಹಿಟ್ಟಿನ ಕೋಳಿ ಮತ್ತು ಉಕ್ಕಿನ ಯಂತ್ರ

ವಿಡಿಯೋ ಆಟಗಳ ವಿಷಯದಲ್ಲಿ ಶ್ರಾವಕ ಕುಟುಂಬಗಳಲ್ಲಿ ಸಾಮಾನ್ಯವಾಗಿ ಎರಡು ಅಭಿಪ್ರಾಯಗಳು ಕೇಳಿಬರುತ್ತವೆ. ಪರದೆಯ ಮೇಲೆ ಯಾವ ಜೀವವೂ ಸಾಯುವುದಿಲ್ಲವಾದ್ದರಿಂದ ಅಲ್ಲಿ ಹಿಂಸೆಯ ಪ್ರಶ್ನೆಯೇ ಏಳದು ಎಂಬುದು ಒಂದು. ಕೊಲ್ಲುವ ಆಟವೆಂದ ಮೇಲೆ ಅದು ಹಿಂಸೆಯೇ, ವಿಚಾರಿಸುವುದೇನೂ ಉಳಿದಿಲ್ಲ ಎಂಬುದು ಇನ್ನೊಂದು. ಎರಡೂ ಆಟವನ್ನು ನೋಡದೆಯೇ ಆಡಬಹುದಾದ ಮಾತುಗಳು. ಆಟವೂ ಮನುಷ್ಯನು ರಚಿಸಿದ ಕೃತಿಯೇ ಆದ್ದರಿಂದ ಕಾವ್ಯ ನಾಟಕಗಳಂತೆ ಅದನ್ನೂ ಅದರ ರಚನೆಯ ಒಳಹೊಕ್ಕು ಪರೀಕ್ಷಿಸುವುದು ನ್ಯಾಯ. ಅಂತಹ ಪರೀಕ್ಷೆಗೆ ಅರ್ಹವಾದ ಕೃತಿ, ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆ 2002ರಲ್ಲಿ ಎಕ್ಸ್‌ಬಾಕ್ಸ್ ಯಂತ್ರಕ್ಕಾಗಿ ಹೊರತಂದ ‘ಸ್ಟೀಲ್ ಬೆಟಾಲಿಯನ್’.

ಕಾಲುಗಳ ಮೇಲೆ ನಡೆಯುವ ದೈತ್ಯಾಕಾರದ ಯುದ್ಧಯಂತ್ರದ ಒಳಗೆ ಕುಳಿತು, ಅಂತಹುದೇ ಯಂತ್ರಗಳೊಡನೆ ಕಾದಾಡುವ ಕಲ್ಪನೆ ಈ ಆಟಕ್ಕಿಂತ ಹಳೆಯದು. 1990ರಲ್ಲಿಯೇ ಅಮೆರಿಕದ ಶಿಕಾಗೊ ನಗರದಲ್ಲಿ ‘ಬ್ಯಾಟಲ್‌ಟೆಕ್ ಸೆಂಟರ್’ ತೆರೆದು, ಪರಸ್ಪರ ಜೋಡಿಸಿದ ಚಾಲಕಕೋಶಗಳಲ್ಲಿ ಜನರನ್ನು ಕೂರಿಸಿ ಆಡಿಸಲಾಗುತ್ತಿತ್ತು. ಆ ಚಾಲಕಕೋಶವನ್ನೇ ಮನೆಯ ಮೇಜಿನ ಮೇಲೆ ತಂದಿರಿಸಿದ್ದು ಸ್ಟೀಲ್ ಬೆಟಾಲಿಯನ್‌ನ ಸಾಹಸ. ಆಟದೊಡನೆ ಬರುತ್ತಿದ್ದ ನಿಯಂತ್ರಣ ಫಲಕದಲ್ಲಿ ಸುಮಾರು 40 ಗುಂಡಿಗಳು, ಎರಡು ಕೈಗಳಿಗೆ ಎರಡು ಹಿಡಿಕೆಗಳು, ಒಂದು ಗೇರು, ಕಾಲಿಗೆ ಮೂರು ಪೆಡಲುಗಳಿದ್ದವು. ಬಿಡುಗಡೆಯಾದಾಗ ಅಮೆರಿಕದಲ್ಲಿ ಇದರ ಬೆಲೆ ಸುಮಾರು 200 ಡಾಲರ್ ಆಗಿತ್ತು.

ಬೇರೆ ಆಟಗಳಲ್ಲಿ ಒಂದು ಗುಂಡಿಯನ್ನೊತ್ತಿದರೆ ಯುದ್ಧ ಆರಂಭವಾಗುತ್ತದೆ. ಇಲ್ಲಿ ಮೊದಲು ಕೋಶದ ಬಾಗಿಲನ್ನು ಮುಚ್ಚಬೇಕು, ಒಂದೊಂದಾಗಿ ಐದು ಸ್ವಿಚ್ಚುಗಳನ್ನು ಮೇಲೆತ್ತಬೇಕು, ಯಂತ್ರವು ಸಿದ್ಧವಾಗುವವರೆಗೆ ಕಾದು ಅದನ್ನು ಚಾಲನೆಗೊಳಿಸಬೇಕು. ವೇಗದಲ್ಲಿ ವಿವೇಕವಿಲ್ಲದೆ ತಿರುಗಿಸಿದರೆ ಯಂತ್ರವು ಮಗುಚಿ ಬೀಳುತ್ತದೆ. ಬೆಂಕಿ ಹತ್ತಿದರೆ ಆರಿಸಲು ಒಂದು ಗುಂಡಿ, ನೋಟಕ್ಕೆ ಕೆಸರು ಮೆತ್ತಿದರೆ ತೊಳೆಯಲು ಇನ್ನೊಂದು. ಎಲ್ಲಕ್ಕಿಂತ ಮುಖ್ಯವಾದ ಗುಂಡಿಯೊಂದು ಪಾರದರ್ಶಕ ಮುಚ್ಚಳದ ಅಡಿಯಲ್ಲಿದೆ. ಯಂತ್ರವು ನಾಶವಾಗುವ ಗಳಿಗೆಯಲ್ಲಿ ಮುಚ್ಚಳ ತೆರೆದು ಅದನ್ನು ಒತ್ತಿದರೆ ಚಾಲಕನು ಹೊರಚಿಮ್ಮಿ ಬದುಕುತ್ತಾನೆ. ತಡವಾದರೆ ಚಾಲಕನು ಸಾಯುತ್ತಾನೆ. ಅದರೊಡನೆ ಆಟಗಾರನು ಅಲ್ಲಿಯವರೆಗೆ ಸಾಧಿಸಿದ್ದರ ದಾಖಲೆಯೆಲ್ಲ ಅಳಿಸಿಹೋಗುತ್ತದೆ. ಮತ್ತೆ ಮೊದಲಿನಿಂದಲೇ ಆರಂಭಿಸಬೇಕು.

ಸತ್ತವನು ಮರುಕ್ಷಣವೇ ಎದ್ದು ನಿಲ್ಲುವ ಆಟಗಳ ನಡುವೆ ಇದೊಂದು ಗಣನೀಯವಾದ ಗುಣ. ಪ್ರಮಾದದಿಂದ ಕೂಡಿದ ಮನೋವಾಕ್ಕಾಯಗಳ ಮೂಲಕ ಪ್ರಾಣಕ್ಕೆ ಹಾನಿಯುಂಟುಮಾಡುವುದೇ ಹಿಂಸೆಯೆಂದು ತತ್ತ್ವಾರ್ಥಸೂತ್ರವು ನಿರೂಪಿಸುತ್ತದೆ. ಅಲ್ಲಿ ಪ್ರಾಣಹಾನಿಗಿಂತ ಮೊದಲು ಬರುವುದು ಪ್ರಮಾದ. ಈ ಆಟವು ಪ್ರಮಾದವನ್ನು ಕ್ಷಮಿಸುವುದಿಲ್ಲ. ಕೈಕಾಲುಗಳು ಎಲ್ಲಿವೆ, ಮನಸ್ಸು ಎಲ್ಲಿದೆ ಎಂಬ ಎಚ್ಚರವನ್ನು ಪ್ರತಿ ಗಳಿಗೆಯಲ್ಲೂ ಬೇಡುತ್ತದೆ. ಮಾಡಿದ್ದಕ್ಕೆ ಫಲವುಂಟು, ಆ ಫಲವನ್ನು ಹಿಂದಿರುಗಿಸಲಾಗದು ಎಂಬುದನ್ನು ಬೆರಳ ತುದಿಗೆ ತಿಳಿಸಿಕೊಡುತ್ತದೆ. ಇಷ್ಟನ್ನು ಒಪ್ಪಿಕೊಳ್ಳದೆ ಮಾಡುವ ಖಂಡನೆ ಪಕ್ಷಪಾತವಾದೀತು.

ಆದರೆ ಆ ಎಚ್ಚರ ಯಾರ ಪ್ರಾಣದ ಕುರಿತಾದದ್ದು ಎಂದು ಕೇಳಿದಾಗ ಕೃತಿಯ ಕೊರತೆ ಕಾಣಿಸುತ್ತದೆ. ತನ್ನ ಚಾಲಕನ ಸಾವು ಆಟಗಾರನ ಪಾಲಿಗೆ ಸರ್ವನಾಶ. ಎದುರಿನ ಯಂತ್ರವು ಉರಿದುಹೋದರೆ ಅದು ಒಂದು ಗುರಿಯ ಸಾಧನೆ ಮಾತ್ರ. ಅದರೊಳಗೂ ಗೇರು ಹಿಡಿದು ಕುಳಿತವನೊಬ್ಬ ಇದ್ದಾನೆಂಬ ಕಲ್ಪನೆಯ ಮೇಲೆಯೇ ಆಟ ನಿಂತಿದ್ದರೂ, ಅವನ ಸಾವಿಗಾಗಿ ಗೆದ್ದವನ ದಾಖಲೆಯಿಂದ ಏನೂ ಅಳಿಯುವುದಿಲ್ಲ. ತನ್ನ ಜೀವವನ್ನು ಇಷ್ಟು ಭಾರವಾಗಿ ತೂಗುವ ತಕ್ಕಡಿ ಪರಜೀವದ ಮುಂದೆ ಅಲುಗುವುದೇ ಇಲ್ಲ. ತನ್ನಂತೆಯೇ ಪರರೂ ಬದುಕಲು ಬಯಸುತ್ತಾರೆಂಬ ತಿಳಿವೇ ಅಹಿಂಸೆಯ ಬೇರು. ಈ ಆಟವು ಆ ತಿಳಿವಿನ ಮೊದಲರ್ಧವನ್ನು ಸೊಗಸಾಗಿ ಕಲಿಸಿ ಉಳಿದರ್ಧವನ್ನು ಬಿಟ್ಟುಬಿಡುತ್ತದೆ.

ಪರದೆಯ ಮೇಲೆ ಜೀವವೇ ಇಲ್ಲವಲ್ಲ ಎಂಬ ಆಕ್ಷೇಪಕ್ಕೆ ಕನ್ನಡ ಓದುಗರಿಗೆ ಜನ್ನನ ಯಶೋಧರ ಚರಿತೆ ನೆನಪಾಗದಿರದು. ಜೀವಬಲಿಗೆ ಒಪ್ಪದ ಯಶೋಧರನು ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿಕೊಟ್ಟನು. ಆ ಸಂಕಲ್ಪಹಿಂಸೆಯ ಫಲವಾಗಿ ತಾಯಿಮಕ್ಕಳಿಬ್ಬರೂ ತಿರ್ಯಗ್ಜನ್ಮಗಳಲ್ಲಿ ತೊಳಲಿದರು. ಹಾಗೆಂದು ಪರದೆಯ ಯಂತ್ರವನ್ನು ಹಿಟ್ಟಿನ ಕೋಳಿಗೆ ಸಲೀಸಾಗಿ ಸಮೀಕರಿಸುವುದೂ ಸರಿಯಲ್ಲ. ಯಶೋಧರನು ಕತ್ತಿಯೆತ್ತಿದ್ದು ಜೀವವುಳ್ಳ ಕೋಳಿಯೆಂದೇ ಭಾವಿಸಿ, ಅದರ ಫಲವನ್ನು ಬಯಸಿ. ಸ್ಟೀಲ್ ಬೆಟಾಲಿಯನ್ ಆಡುವವನ ಚಿತ್ತವಾದರೋ ಬಹುಪಾಲು ಗೇರು, ಪೆಡಲು, ಇಂಧನಗಳಲ್ಲಿ ಮುಳುಗಿರುತ್ತದೆ. ಅಲ್ಲಿ ಕೊಲ್ಲುವ ಉತ್ಸಾಹಕ್ಕಿಂತ ನಡೆಸುವ ಕಷ್ಟವೇ ಹೆಚ್ಚು. ಅಪಾಯವಿರುವುದು ಇಲ್ಲಿಯೇ. ದ್ವೇಷದಿಂದ ಕೊಲ್ಲುವವನಿಗೆ ತನ್ನ ಎದುರಿಗೊಬ್ಬನಿದ್ದಾನೆಂಬುದಾದರೂ ಗೊತ್ತಿರುತ್ತದೆ. ಯಂತ್ರದ ನಿರ್ವಹಣೆಯಲ್ಲಿ ತನ್ಮಯನಾದವನು ಎದುರಿನವನನ್ನು ಮರೆತೇಬಿಡುತ್ತಾನೆ. ಕುಶಲತೆಯಿಂದ ಹುಟ್ಟುವ ಈ ಮರೆವೂ ಪ್ರಮಾದದ ಒಂದು ರೂಪ, ಅದೂ ಎಚ್ಚರದ ವೇಷ ತೊಟ್ಟ ರೂಪ.

ಈ ಮರೆವನ್ನು ಕಳೆಯುವ ಅವಕಾಶ ಕೃತಿಯ ಮುಂದುವರಿದ ಭಾಗಕ್ಕಿತ್ತು. 2004ರಲ್ಲಿ ಬಂದ ‘ಲೈನ್ ಆಫ್ ಕಾಂಟ್ಯಾಕ್ಟ್’ ಅಂತರ್ಜಾಲದ ಮೂಲಕ ಆಡುವುದಕ್ಕೆಂದೇ ರಚಿತವಾದದ್ದು. ಇಲ್ಲಿ ಎದುರಿನ ಯಂತ್ರದಲ್ಲಿದ್ದವನು ಕೇವಲ ಲೆಕ್ಕಾಚಾರದ ಸೃಷ್ಟಿಯಲ್ಲ. ಬೇರೊಂದು ಊರಿನಲ್ಲಿ ಅಂತಹುದೇ ಫಲಕದ ಮುಂದೆ ಕುಳಿತು, ಅಂತಹುದೇ ಮುಚ್ಚಳದ ಮೇಲೆ ಕಣ್ಣಿಟ್ಟಿದ್ದ ಮನುಷ್ಯ. ತನ್ನ ಪಡೆಯವರೊಡನೆ ಮಾತನಾಡಿ, ಅವರ ನೆರವಿಗೆ ಧಾವಿಸುವ ಸಹಕಾರವೂ ಇಲ್ಲಿ ಬೇಕಾಗಿತ್ತು. ಆದರೂ ಸ್ನೇಹದ ವೃತ್ತವು ತನ್ನ ಪಡೆಯ ಗಡಿಯಲ್ಲಿಯೇ ನಿಂತಿತು. ಆ ಅಂತರ್ಜಾಲ ಸಮರವನ್ನು ನಡೆಸುತ್ತಿದ್ದ ಸೇವೆಯನ್ನು 2005ರಲ್ಲಿ ನಿಲ್ಲಿಸಲಾಯಿತು.

ಸೇವೆ ನಿಂತಿತು, ಫಲಕ ಉಳಿಯಿತು. ಎರಡೇ ಆಟಗಳಿಗೆಂದು ತಯಾರಾದ ಆ ಭಾರಿ ವಸ್ತುವನ್ನು ಇಂದಿಗೂ ಜತನದಿಂದ ಕಾಯ್ದಿರಿಸಿಕೊಂಡ ಸಂಗ್ರಾಹಕರಿದ್ದಾರೆ. 2012ರಲ್ಲಿ ಇದೇ ಹೆಸರಿನಡಿ ಬಂದ ‘ಹೆವಿ ಆರ್ಮರ್’ ಆ ಫಲಕವನ್ನು ಕೈಬಿಟ್ಟು, ಕಿನೆಕ್ಟ್ ಎಂಬ ಉಪಕರಣದ ಮೂಲಕ ಕೈಸನ್ನೆಗಳನ್ನು ಗುರುತಿಸಲು ಹೊರಟಿತು. ಸನ್ನೆಗಳು ಸರಿಯಾಗಿ ಗ್ರಹಿಕೆಯಾಗದೆ ವಿಮರ್ಶಕರ ಟೀಕೆಗೆ ಗುರಿಯಾಯಿತು. ಹೀಗಾಗಿ ಹಳೆಯ ಫಲಕದ ಮೇಲಿನ ಮೋಹಕ್ಕೆ ಕಾರಣವಿಲ್ಲದಿಲ್ಲ. ಆದರೆ ಪರಿಗ್ರಹವೆಂಬುದು ವಸ್ತುವಿನ ಗಾತ್ರಕ್ಕಿಂತ ಅದರ ಮೇಲಿನ ಮೂರ್ಛೆಯಲ್ಲಿದೆ ಎಂಬುದನ್ನು ಶ್ರಾವಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಒಟ್ಟಿನಲ್ಲಿ ಸ್ಟೀಲ್ ಬೆಟಾಲಿಯನ್ ಪ್ರಾಮಾಣಿಕ ಪರಿಶ್ರಮದ, ಗಂಭೀರವಾದ, ಆದರೆ ಅರ್ಧದೃಷ್ಟಿಯ ಕೃತಿ. ಅನರ್ಥದಂಡವಿರತಿಯನ್ನು ಪಾಲಿಸುವವರು ಪ್ರಯೋಜನವಿಲ್ಲದ ಪಾಪಕ್ರಿಯೆಗಳನ್ನು ತೊರೆಯುತ್ತಾರೆ. ಪರರ ನಾಶವನ್ನು ಮನಸ್ಸಿನಲ್ಲಿಯೇ ಚಿಂತಿಸುವ ಅಪಧ್ಯಾನವೂ ಅವುಗಳಲ್ಲೊಂದು. ವ್ರತಧಾರಿಗಳಿಗೆ ಇಷ್ಟು ಸಾಕು. ಆದರೆ ಮನೆಯ ಮಕ್ಕಳು ಇಂತಹ ಆಟಗಳನ್ನು ಆಡಿಯೇ ಆಡುವ ಕಾಲವಿದು. ಬಸದಿಯ ಪಾಠಶಾಲೆಗಳನ್ನು ನಡೆಸುವ ಟ್ರಸ್ಟುಗಳೂ ತಂದೆತಾಯಿಯರೂ ‘ಆಡಬೇಡ’ ಎಂದಷ್ಟೇ ಹೇಳಿ ಸುಮ್ಮನಾದರೆ ಮಗುವು ಮರೆಯಲ್ಲಿ ಆಡೀತು. ಅದರ ಬದಲು ಮಗ್ಗುಲಲ್ಲಿ ಕುಳಿತು, ಆ ಎದುರಿನ ಯಂತ್ರದಲ್ಲಿರುವವನಿಗೂ ಮುಚ್ಚಳದಡಿಯ ಗುಂಡಿಯೊಂದು ಇದೆಯಲ್ಲವೇ ಎಂದು ಒಮ್ಮೆ ಕೇಳಿದರೆ, ಆಟವು ಬಿಟ್ಟ ಅರ್ಧವನ್ನು ಮನೆಯೇ ಕಲಿಸಿದಂತಾಗುತ್ತದೆ.